ಮಾಟುಂಗಾಕ್ಕೆ ಸ್ಲೋ ಲೋಕಲ್ಲೇ ಬೇಕು

ಡೊಂಬಿವಲಿಯ ಓದುಗರೊಬ್ಬರು ಬರೆದಿದ್ದಾರೆ: "ನೀವು ಹೊಗಳಿದ್ರಿ ಅಂತ 'ಆಫ್ಟರ್ ಯಾಂಗ್' ನೋಡಿದೆ. ರೋಬೋಟ್ ಸಿನಿಮಾ ಅಲ್ವಾ, ಏನೋ ಇರುತ್ತೆ ಅಂದುಕೊಂಡೆ. ಆ ರೋಬೋಟ್ ಶುರುವಿನಲ್ಲೇ ಕೆಟ್ಟು ಕೂರುತ್ತೆ. ಆಮೇಲೆ ಬರೀ ಚಹಾ, ಗಿಡಮರ, ಪಿಸುಮಾತು. ಅರ್ಧಕ್ಕೇ ನಿದ್ದೆ ಬಂತು. ಮಗಳು ಮಾತ್ರ ಕೊನೇ ತನಕ ನೋಡಿದಳು. ಇಷ್ಟು ನಿಧಾನದ ಸಿನಿಮಾದಲ್ಲಿ ಹೊಗಳೋಕೆ ಏನಿದೆ?"

ನಿದ್ದೆ ಬಂದದ್ದಕ್ಕೆ ನನ್ನ ತಕರಾರಿಲ್ಲ. ದಿನವಿಡೀ ದುಡಿದು, ಲೋಕಲ್‌ನಲ್ಲಿ ನಿಂತು ಮನೆ ಸೇರಿದವರಿಗೆ ಪಿಸುಮಾತಿನ ಸಿನಿಮಾ ಕಷ್ಟವೇ. ಆದರೆ ನಿಧಾನ ಅನ್ನೋದನ್ನ ನೀವು ತಪ್ಪು ಅಂತ ಬರೆದಿದ್ದೀರಲ್ಲ, ಅದನ್ನು ನಾನು ಒಪ್ಪಲಾರೆ.

ಆ ಚಹಾದ ದೃಶ್ಯವನ್ನೇ ತೆಗೆದುಕೊಳ್ಳಿ. ಅಪ್ಪ ಜೇಕ್‌ನದು ಚಹಾ ಅಂಗಡಿ. ದತ್ತು ಮಗಳು ಮಿಕಾ ಚೀನಾ ಮೂಲದವಳು. ಅವಳಿಗೆ ತನ್ನ ಮೂಲದ ಪರಿಚಯ ಇರಲಿ ಅಂತ ಮನೆಗೆ ತಂದದ್ದು ಯಾಂಗ್ ಎಂಬ ಈ ಯಂತ್ರದ ಅಣ್ಣನನ್ನು. ಚೀನಾದ ಚಹಾದ ಸಂಗತಿಯೆಲ್ಲ ಅವನಿಗೆ ಬಾಯಿಪಾಠ. ಆದರೂ, ಒಂದು ಜಾಗದ, ಒಂದು ಕಾಲದ ಚಹಾದ ನೆನಪು ನಿಜವಾಗಿ ತನಗಿದ್ದಿದ್ದರೆ ಅಂತ ಆಸೆಪಡುತ್ತಾನೆ. ಮುಂಬೈಯಲ್ಲಿ ಹುಟ್ಟಿದ ನಮ್ಮ ಮಕ್ಕಳದ್ದೂ ಇದೇ ಕಥೆ ಅಲ್ವಾ? ಅಷ್ಟಮಿಗೆ ಮಾಟುಂಗಾ ಮಾರ್ಕೆಟ್ಟಿನಿಂದ ತಂದ ಹಲಸಿನೆಲೆಯ ಕೊಟ್ಟೆಯಲ್ಲಿ ಕಡುಬು ತಿನ್ನುತ್ತಾರೆ. ಆ ಎಲೆ ಬಿಟ್ಟ ಮರ ಅವರಿಗೆ ಗೊತ್ತಿಲ್ಲ.

ಇನ್ನು ನೀವು ಒಂದೇ ಮಾತಿನಲ್ಲಿ ಮುಗಿಸಿದ ಆ 'ಗಿಡಮರ'. ಶಾಲೆಯಲ್ಲಿ ಮಿಕಾಗೆ ಯಾರೋ ಹೇಳುತ್ತಾರೆ, ಇವರು ನಿನ್ನ ನಿಜವಾದ ಅಪ್ಪ ಅಮ್ಮ ಅಲ್ಲ ಅಂತ. ಯಾಂಗ್ ಅವಳನ್ನು ತೋಟಕ್ಕೆ ಕರೆದುಕೊಂಡು ಹೋಗಿ ಕಸಿ ಕಟ್ಟಿದ ಕೊಂಬೆ ತೋರಿಸುತ್ತಾನೆ. ಬೇರೆ ಮರದಿಂದ ಬಂದದ್ದು, ಈಗ ಈ ಮರದ್ದೇ. ಇದು ನಮಗೇನು ದೂರದ ವಿಷಯವಲ್ಲ. ಪೋರ್ಚುಗೀಸರು ಗೋವಾದಲ್ಲಿ ಮಾವಿಗೆ ಕಸಿ ಕಟ್ಟದೇ ಇದ್ದಿದ್ದರೆ ಇವತ್ತು ನಮ್ಮ ಮನೆಗೆ ಆಪೂಸ್ ಪೆಟ್ಟಿಗೆ ಬರುತ್ತಿರಲಿಲ್ಲ. ಆಪೂಸ್ ಅನ್ನೋ ಹೆಸರು ಕೂಡ ಗೋವಾ ಗೆದ್ದ ಪೋರ್ಚುಗೀಸ್ ಸೇನಾನಿ ಅಫೊನ್ಸೊ ದ ಅಲ್ಬುಕರ್ಕ್‌ನಿಂದ ಬಂದದ್ದು.

ಊರಿನಲ್ಲಿ ನಮ್ಮ ಅಪ್ಪ ಕಸಿ ಕಟ್ಟುತ್ತಿದ್ದರು. ಎರಡು ಕಡ್ಡಿಗಳನ್ನು ಓರೆಯಾಗಿ ಕೊಯ್ದು, ಹಸಿಗೆ ಹಸಿ ಕೂಡಿಸಿ, ಬಾಳೆನಾರು ಸುತ್ತಿ ಬಿಗಿಯುವರು. ದಿನಾ ಬೆಳಿಗ್ಗೆ ಹೋಗಿ ನೋಡುವರು, ಮುಟ್ಟುತ್ತಿರಲಿಲ್ಲ. ಹಿಡಿದಿದೆಯಾ ನೋಡೋಣ ಅಂತ ನಾನು ಒಂದು ದಿನ ನಾರು ಬಿಚ್ಚಿದೆ. ನಾಲ್ಕು ದಿನಕ್ಕೆ ಕಡ್ಡಿ ಒಣಗಿತು. ಅಪ್ಪ ಬೈಯಲಿಲ್ಲ. ಪಕ್ಕದ ಗಿಡದಲ್ಲಿ ಇನ್ನೊಂದು ಕಟ್ಟಿದರು.

ಈ ಸಿನಿಮಾದ ನಿರ್ದೇಶಕ ಕೊಗೊನಾಡ. ಅದು ಅವರೇ ಇಟ್ಟುಕೊಂಡ ಹೆಸರು, ಜಪಾನಿನ ನಿರ್ದೇಶಕ ಓಜು ಜೊತೆ ಚಿತ್ರಕಥೆ ಬರೆಯುತ್ತಿದ್ದ ಕೊಗೊ ನೋಡಾ ನೆನಪಿಗೆ. ಓಜು ಸಿನಿಮಾಗಳಲ್ಲಿ ಮಗಳ ಮದುವೆ ಆಗುತ್ತದೆ, ಅಪ್ಪ ಒಬ್ಬನೇ ಮನೆಯಲ್ಲಿ ಕೂರುತ್ತಾನೆ. ಅಷ್ಟು ಸಾಕಾಗುತ್ತಿತ್ತು ಜನಕ್ಕೆ.

ಈಗ ಯಾಕೆ ಸಾಕಾಗುವುದಿಲ್ಲ? 2020ರಿಂದ ನೆಟ್‌ಫ್ಲಿಕ್ಸ್‌ನಲ್ಲಿ ಸಿನಿಮಾವನ್ನು ಒಂದೂವರೆ ಪಟ್ಟು ವೇಗದಲ್ಲಿ ಓಡಿಸಬಹುದು. ಓಡಿಸಿ ಉಳಿಸಿದ ಅರ್ಧ ಗಂಟೆಯಲ್ಲಿ ಏನು ಮಾಡುತ್ತೇವೆ? ಇನ್ನೊಂದನ್ನು ಓಡಿಸುತ್ತೇವೆ. ಬೆಳಗಿನ ಜಾವದವರೆಗೆ ಚಾಪೆ ಹಾಕಿ ಕೂತು ಯಕ್ಷಗಾನ ನೋಡಿದವರು ನಾವು. ಈಗ ಅದಕ್ಕೂ 'ಕಾಲಮಿತಿ' ಬಂದಿದೆ. ಭಾಗವತರು ಪದವನ್ನು ಹಿಗ್ಗಿಸಿ ಹಾಡುವಷ್ಟರಲ್ಲಿ ಮುಂದಿನ ವೇಷ ಬಂದು ನಿಂತಿರುತ್ತದೆ. ನಮ್ಮ ಪತ್ರಿಕೆಗೂ ಪತ್ರ ಬರುತ್ತದೆ, ಲೇಖನ ಚಿಕ್ಕದು ಮಾಡಿ ಅಂತ. ಮುಂಬೈಯಲ್ಲಿ ಸ್ಲೋ ಅಂದರೆ ಬೈಗುಳವೇ ಆಗಿಬಿಟ್ಟಿದೆ. ಆದರೆ ಸ್ವಾಮಿ, ನೀವು ಡೊಂಬಿವಲಿಯವರು, ನಿಮಗೆ ಗೊತ್ತಲ್ಲ. ಫಾಸ್ಟ್ ಲೋಕಲ್ ಮಾಟುಂಗಾದಲ್ಲಿ ನಿಲ್ಲುವುದಿಲ್ಲ. ಅಲ್ಲಿರುವ ನಮ್ಮ ಕನ್ನಡಿಗರ ಮೈಸೂರು ಅಸೋಸಿಯೇಶನ್ನಿಗೆ ಬರಬೇಕಾದರೆ ಸ್ಲೋ ಗಾಡಿಯನ್ನೇ ಹತ್ತಬೇಕು.

ಮಗಳು ಕೊನೇ ತನಕ ನೋಡಿದಳು ಅಂತ ಸುಮ್ನೆ ಒಂದು ಸಾಲು ಬರೆದಿದ್ದೀರಿ. ಇಡೀ ಪತ್ರದಲ್ಲಿ ನನಗೆ ಹಿಡಿಸಿದ್ದು ಅದೇ. ಯಾಂಗ್ ದಿನಕ್ಕೆ ಕೆಲವೇ ಸೆಕೆಂಡುಗಳ ನೆನಪು ಇಟ್ಟುಕೊಳ್ಳಬಲ್ಲ. ಅವನು ಇಟ್ಟುಕೊಂಡದ್ದು ಏನು ಅನ್ನೋದು ನೀವು ಮಲಗಿದ ಮೇಲೆ ಬರುತ್ತದೆ, ಅವಳು ಅದನ್ನು ನೋಡಿದ್ದಾಳೆ. ಭಾನುವಾರ ಊಟ, ನಿದ್ದೆ ಎರಡೂ ಮುಗಿಸಿ ಅವಳ ಪಕ್ಕ ಕೂತು ಇನ್ನೊಮ್ಮೆ ನೋಡಿ. ಬರೀ 96 ನಿಮಿಷ. ನಡುವೆ ಏನೂ ಕೇಳಬೇಡಿ. ಆಮೇಲೆ ಅವಳು ಏನು ಹೇಳಿದಳು ಅಂತ ಬರೆಯಿರಿ. ಎಷ್ಟು ಉದ್ದ ಇದ್ದರೂ ಅಚ್ಚು ಹಾಕುತ್ತೇವೆ.

— ಸಂಪಾದಕ