ಎಲ್ಲ ವಿಭಾಗಗಳ ನಕ್ಷೆಗಳನ್ನು ಕೊನೆಯಲ್ಲಿ ಕೂಡಿಸಿದರೆ ಸಾಲದೇ?

ಕಾರ್ಖಾನೆಯ ವಿನ್ಯಾಸದಲ್ಲಿ ಪ್ರೊಸೆಸ್, ಸಿವಿಲ್, ಪೈಪಿಂಗ್, ಎಲೆಕ್ಟ್ರಿಕಲ್ ವಿಭಾಗದವರು ತಮ್ಮ ತಮ್ಮ ನಕ್ಷೆಗಳನ್ನು ಬೇರೆಬೇರೆಯಾಗಿ ಮುಗಿಸಿ, ಕೊನೆಯಲ್ಲಿ ತ್ರೀಡಿ ಮಾಡೆಲ್‌ನಲ್ಲಿ ಕೂಡಿಸಿ ನೋಡಿದರೆ ಸಾಲದೇ ಎಂದು ತಾವು ಕೇಳಿದ್ದೀರಿ. ಪೈಪಿಂಗ್ ವಿಭಾಗದಲ್ಲಿ ಬಹಳ ವರ್ಷ ಕೆಲಸ ಮಾಡಿದ ಅನುಭವದಿಂದ ಹೇಳುವುದಾದರೆ, ಸಾಲದು.

ಒಂದು ಪಂಪನ್ನೇ ತೆಗೆದುಕೊಳ್ಳಿ. ಕುದಿಬಿಂದುವಿಗೆ ಸಮೀಪವಿರುವ ದ್ರವವನ್ನು ಪಂಪ್ ಮಾಡುವಾಗ ಒಳಬಾಯಿಯಲ್ಲಿ ಸಾಕಷ್ಟು ಒತ್ತಡವಿಲ್ಲದಿದ್ದರೆ ದ್ರವದಲ್ಲಿ ಆವಿಯ ಗುಳ್ಳೆಗಳೆದ್ದು, ಅವು ಒಡೆಯುವ ಹೊಡೆತಕ್ಕೆ ಪಂಪಿನೊಳಗೆ ತಿರುಗುವ ಚಕ್ರ (ಇಂಪೆಲ್ಲರ್) ಸವೆದುಹೋಗುತ್ತದೆ. ಇದನ್ನು ತಪ್ಪಿಸಲು ದ್ರವದ ವೆಸೆಲನ್ನು, ಎಂದರೆ ಟ್ಯಾಂಕನ್ನು, ಎತ್ತರದಲ್ಲಿ ಕೂರಿಸುತ್ತಾರೆ. ಹಾಗಾಗಿ ಒಳಬಾಯಿಯಲ್ಲಿ ಎಷ್ಟು ಒತ್ತಡ ಬೇಕೆಂದು ಪಂಪ್ ತಯಾರಕರು ಕೊಟ್ಟ ಅಂಕಿ ಬದಲಾದರೆ ವೆಸೆಲ್ ಮೇಲೇರಬೇಕಾಗಬಹುದು, ಅದನ್ನು ಹೊತ್ತ ಉಕ್ಕಿನ ಚೌಕಟ್ಟು ಬೆಳೆಯುತ್ತದೆ, ಕಡೆಗೆ ಸಿವಿಲ್‌ನವರು ಅಡಿಪಾಯದ ಲೆಕ್ಕವನ್ನೇ ಮತ್ತೆ ಹಾಕಬೇಕಾಗುತ್ತದೆ. ಅಷ್ಟರಲ್ಲಿ ಕಾಂಕ್ರೀಟ್ ಸುರಿದಾಗಿದ್ದರೆ ಯಾವ ಮಾಡೆಲ್ ಏನು ಮಾಡೀತು?

ಇನ್ನು ಸಾಫ್ಟ್‌ವೇರ್‌ನ ಕ್ಲ್ಯಾಶ್ ಪರಿಶೀಲನೆ, ಎಂದರೆ ಒಂದು ವಸ್ತು ಇನ್ನೊಂದಕ್ಕೆ ಅಡ್ಡ ಬರುತ್ತದೆಯೇ ಎಂದು ನೋಡುವುದು. ಅದಕ್ಕೆ ಕಾಣುವುದು ಮಾಡೆಲ್‌ನಲ್ಲಿ ಬರೆದ ವಸ್ತುಗಳಷ್ಟೇ. ಖಾಲಿ ಇರಲೇಬೇಕಾದ ಜಾಗವನ್ನು ಯಾರಾದರೂ ಹೇಳಬೇಕು. ನಾನಿದ್ದ ಒಂದು ಯೋಜನೆಯಲ್ಲಿ ಒಂದು ದ್ರವದ ಶಾಖವನ್ನು ಇನ್ನೊಂದಕ್ಕೆ ದಾಟಿಸುವ ಹೀಟ್ ಎಕ್ಸ್‌ಚೇಂಜರ್‌ನ ಮುಂದೆಯೇ ವಿದ್ಯುತ್ ತಂತಿಗಳನ್ನು ಹೊತ್ತ ಕೇಬಲ್ ಟ್ರೇ ಹಾದುಹೋಗಿತ್ತು. ವರದಿಯಲ್ಲಿ ಒಂದೂ ಕ್ಲ್ಯಾಶ್ ಇರಲಿಲ್ಲ. ಮಾಡೆಲ್ ನೋಡಲು ಕರೆದಿದ್ದ ನಿರ್ವಹಣಾ ವಿಭಾಗದ ಫೋರ್‌ಮನ್ ಒಬ್ಬರು, "ತೊಳೆಯೋದಕ್ಕೆ ಟ್ಯೂಬ್ ಬಂಡಲ್ ಎಳೀಬೇಕಲ್ಲ ಸಾರ್, ಎಲ್ಲಿಂದ ಎಳೀಲಿ?" ಎಂದು ಕೇಳಿದರು. ಎಕ್ಸ್‌ಚೇಂಜರ್ ಒಳಗಿನ ಕೊಳವೆಗಳ ಕಟ್ಟಾದ ಆ ಆರು ಮೀಟರ್ ಉದ್ದದ ಬಂಡಲ್ ಹೊರಬರಬೇಕಾದದ್ದು ಟ್ರೇ ಇದ್ದ ಜಾಗದಲ್ಲೇ. ಆ ಉದ್ದ ನನ್ನ ಡೇಟಾಶೀಟಿನಲ್ಲಿತ್ತು. ಎಲೆಕ್ಟ್ರಿಕಲ್‌ನವರಿಗೆ ನಾನೇ ತಿಳಿಸಿರಲಿಲ್ಲ. ಅಂದಿನಿಂದ ಅಂಥ ಖಾಲಿ ಜಾಗವನ್ನೂ ಘನವಸ್ತುವಿನಂತೆ ಮಾಡೆಲ್‌ನಲ್ಲಿ ಬರೆದಿಡುತ್ತೇನೆ.

ಒಂದು ವಿಭಾಗದವರೇ ಇಲ್ಲದಿದ್ದರೆ ಏನಾದೀತು ಎನ್ನುವುದಕ್ಕೆ ಇಂಗ್ಲೆಂಡಿನ ಫ್ಲಿಕ್ಸ್‌ಬರೋ ಕಾರ್ಖಾನೆಯ ದುರಂತವಿದೆ. ಅಲ್ಲಿ ಸಾಲಾಗಿದ್ದ ಆರು ರಿಯಾಕ್ಟರ್‌ಗಳಲ್ಲಿ (ರಾಸಾಯನಿಕ ಕ್ರಿಯೆ ನಡೆಯುವ ಟ್ಯಾಂಕುಗಳಲ್ಲಿ) ಐದನೆಯದು ಬಿರುಕು ಬಿಟ್ಟಿತೆಂದು ತೆಗೆದು, ನಾಲ್ಕು ಮತ್ತು ಆರನೆಯದರ 28 ಇಂಚಿನ ಬಾಯಿಗಳ ನಡುವೆ 20 ಇಂಚಿನ ತಾತ್ಕಾಲಿಕ ಪೈಪನ್ನು ಬೆಲ್ಲೋಸ್ (ಹಿಗ್ಗಿ ಕುಗ್ಗುವ ಮಡಿಕೆಯ ಕೊಳವೆ) ಮೂಲಕ ಜೋಡಿಸಿದರು. ಅದರ ನಕ್ಷೆಯೆಂದರೆ ವರ್ಕ್‌ಶಾಪ್ ನೆಲದ ಮೇಲೆ ಸೀಮೆಸುಣ್ಣದಲ್ಲಿ ಎಳೆದ ಗೆರೆಗಳಷ್ಟೇ. ಒಳಗಿನ ಒತ್ತಡವು ಬಾಗಿದ ಪೈಪನ್ನು ಹೇಗೆ ತಳ್ಳೀತೆಂದು ಯಾರೂ ಲೆಕ್ಕ ಹಾಕಲಿಲ್ಲ. ಹಾಕಬಲ್ಲ ಅರ್ಹ ಮೆಕ್ಯಾನಿಕಲ್ ಎಂಜಿನಿಯರ್ ಆಗ ಅಲ್ಲಿರಲಿಲ್ಲ. ಆ ಪೈಪ್ ಕಿತ್ತುಹೋಗಿ 1974ರ ಜೂನ್ 1ರಂದು ಆದ ಸ್ಫೋಟದಲ್ಲಿ 28 ಮಂದಿ ಸತ್ತರು.

ಸಭೆಗಳನ್ನು ಹೆಚ್ಚಿಸಿದರೆ ಇದೆಲ್ಲ ಸರಿಹೋಗುತ್ತದೆಂದು ನನಗನ್ನಿಸುವುದಿಲ್ಲ. ಪೂರ್ತಿಯಾದ ಮೇಲೆ ಕೊಡೋಣವೆಂದು ಕಾಯದೆ, ಅರೆಬರೆ ಅಂಕಿಗಳನ್ನೇ "ಹೋಲ್ಡ್" ಎಂದು ಗುರುತು ಹಾಕಿ ಹಂಚಿಕೊಳ್ಳಿ. ಯಾವುದು ಇನ್ನೂ ಖಚಿತವಾಗಿಲ್ಲವೆಂದು ಗೊತ್ತಿದ್ದರೆ ಸಿವಿಲ್‌ನವರು ಅಡಿಪಾಯದಲ್ಲಿ ಅಷ್ಟು ಅವಕಾಶ ಬಿಟ್ಟುಕೊಳ್ಳುತ್ತಾರೆ, ಇಲ್ಲವೇ ಆ ಒಂದು ಭಾಗದ ಕಾಂಕ್ರೀಟನ್ನು ತಡೆಹಿಡಿಯುತ್ತಾರೆ.