ಮದರ್‌ಬೋರ್ಡ್‌ನ ಕೆಪಾಸಿಟರ್ ಉಬ್ಬಿದೆ, ಬದಲಿಸಬಹುದೇ?

ಪ್ರಶ್ನೆ: ಪೀಣ್ಯದ ನಮ್ಮ ವರ್ಕ್‌ಶಾಪ್‌ನಲ್ಲಿ ಕೆತ್ತನೆ ಯಂತ್ರವನ್ನು ನಡೆಸುವ ಪೆಂಟಿಯಂ 4 ಕಂಪ್ಯೂಟರ್ ಬೆಳಿಗ್ಗೆ ನಾಲ್ಕಾರು ಬಾರಿ ಬಟನ್ ಒತ್ತಿದ ಮೇಲೆಯೇ ಶುರುವಾಗುತ್ತದೆ, ಒಮ್ಮೆ ಬಿಸಿಯಾದರೆ ಸಂಜೆಯವರೆಗೂ ತೊಂದರೆಯಿಲ್ಲ. ಪ್ರೊಸೆಸರ್ ಪಕ್ಕದಲ್ಲಿರುವ 3300 ಮೈಕ್ರೊಫ್ಯಾರಡ್, 6.3 ವೋಲ್ಟ್‌ನ ನಾಲ್ಕು ಕೆಪಾಸಿಟರ್‌ಗಳ ತಲೆ ಉಬ್ಬಿದೆ. ಯಂತ್ರವು ಹಳೆಯ ಕಂಪ್ಯೂಟರುಗಳಲ್ಲಿರುತ್ತಿದ್ದ ಪ್ಯಾರಲಲ್ ಪೋರ್ಟ್‌ನಿಂದಲೇ ನಡೆಯುವುದರಿಂದ ಹೊಸ ಕಂಪ್ಯೂಟರ್ ಹಾಕುವಂತಿಲ್ಲ. ಅದೇ ಅಳತೆಯ ಯಾವ ಕೆಪಾಸಿಟರ್ ಆದರೂ ನಡೆಯುತ್ತದೆ ಎಂದು ಅಂಗಡಿಯವರು ಹೇಳುತ್ತಾರೆ. ಸರಿಯೇ?
— ಓದುಗರು, ಬೆಂಗಳೂರು

ಉತ್ತರ: ಬದಲಿಸಬಹುದು, ಬದಲಿಸಲೇಬೇಕು. ಆದರೆ ಅಂಗಡಿಯವರ ಮಾತನ್ನು ಒಪ್ಪಲಾಗದು.

12 ವೋಲ್ಟ್ ವಿದ್ಯುತ್ತನ್ನು ಪ್ರೊಸೆಸರ್‌ಗೆ ಬೇಕಾದ ಸುಮಾರು ಒಂದೂವರೆ ವೋಲ್ಟ್‌ಗೆ ಇಳಿಸುವ ಮಂಡಲವು (ಸರ್ಕ್ಯೂಟ್) ಸೆಕೆಂಡಿಗೆ ಲಕ್ಷಾಂತರ ಬಾರಿ ಸ್ವಿಚ್ ಆಗುತ್ತಿರುತ್ತದೆ. ಅದರಿಂದ ಏಳುವ ಏರಿಳಿತವನ್ನು ಈ ಕೆಪಾಸಿಟರ್‌ಗಳು ಹೀರಿಕೊಳ್ಳುತ್ತವೆ. ಹಾಗೆ ಹೀರುವಾಗ ಅವು ಎಷ್ಟು ಬಿಸಿಯಾಗುತ್ತವೆ ಎಂಬುದನ್ನು ಇಎಸ್‌ಆರ್ ಎಂದು ಕರೆಯುವ ಒಳರೋಧ ನಿರ್ಧರಿಸುತ್ತದೆ. ಮೈಮೇಲೆ ಅದೇ ಅಂಕಿಗಳನ್ನು ಮುದ್ರಿಸಿಕೊಂಡ ಸಾಮಾನ್ಯ ಕೆಪಾಸಿಟರ್‌ನ ಒಳರೋಧ ಹಲವು ಪಟ್ಟು ಹೆಚ್ಚಿರಬಹುದಾದ್ದರಿಂದ, ಅದನ್ನು ಹಾಕಿದರೆ ಬೇಗನೆ ಮತ್ತೆ ಇದೇ ಪಾಡು. ಕೆಪಾಸಿಟರಿನೊಳಗಿನ ವಾಹಕ ದ್ರವವಾದ ಎಲೆಕ್ಟ್ರೊಲೈಟ್ ತಣ್ಣಗಿರುವಾಗ ಒಳರೋಧ ಏರಿ, ಬಿಸಿಯಾದಂತೆ ಇಳಿಯುತ್ತದೆ. ನಿಮ್ಮ ಕಂಪ್ಯೂಟರಿನ ಬೆಳಗಿನ ಹಟಕ್ಕೆ ಇದೇ ಕಾರಣವಿರಬೇಕು. 2000ದ ದಶಕದ ಮೊದಲ ವರ್ಷಗಳ ಅನೇಕ ಬೋರ್ಡ್‌ಗಳಲ್ಲಿ ನೀರಿನಂಶ ಹೆಚ್ಚಿದ್ದ ಕಳಪೆ ಎಲೆಕ್ಟ್ರೊಲೈಟ್ ಅಲ್ಯೂಮಿನಿಯಂನೊಡನೆ ವರ್ತಿಸಿ ಹೈಡ್ರೋಜನ್ ಬಿಡುಗಡೆ ಮಾಡುತ್ತಿತ್ತು. ತಲೆ ಉಬ್ಬುವುದು ಆ ಒತ್ತಡದಿಂದ.

ಆದ್ದರಿಂದ 105 ಡಿಗ್ರಿ ಸೆಲ್ಸಿಯಸ್‌ವರೆಗೆ ತಾಳುವ, ಕಡಿಮೆ ಇಎಸ್‌ಆರ್‌ನ ಸರಣಿಯನ್ನೇ ಕೇಳಿ. ಡೇಟಾಶೀಟ್‌ನಲ್ಲಿ ಇಎಸ್‌ಆರ್ ಮೂಲದ್ದಕ್ಕಿಂತ ಹೆಚ್ಚಿರಬಾರದು, ತಡೆದುಕೊಳ್ಳುವ ರಿಪಲ್ ಕರೆಂಟ್ (ಏರಿಳಿತದ ವಿದ್ಯುತ್ ಪ್ರವಾಹ) ಕಡಿಮೆಯಿರಬಾರದು. ವೋಲ್ಟೇಜ್ 6.3ರ ಬದಲು 10 ಇದ್ದರೆ ಅಡ್ಡಿಯಿಲ್ಲ, ಸುತ್ತಳತೆ ಮತ್ತು ಕಾಲುಗಳ ಅಂತರ ಹೊಂದಿದರಾಯಿತು. 6.3ಕ್ಕಿಂತ ಕಡಿಮೆ ವೋಲ್ಟೇಜಿನದನ್ನು ಮಾತ್ರ ಹಾಕಬೇಡಿ. ಪ್ಯಾನಸೋನಿಕ್, ನಿಚಿಕಾನ್, ರೂಬಿಕಾನ್ ನಂಬಬಹುದಾದ ಹೆಸರುಗಳು, ಆದರೆ ಅವುಗಳ ನಕಲಿಯೂ ಮಾರುಕಟ್ಟೆಯಲ್ಲಿದೆ. ಎಸ್.ಪಿ. ರಸ್ತೆಯಲ್ಲಿ ಹುಡುಕುವುದಾದರೂ ಬಿಲ್ಲಿಲ್ಲದೆ ಬಿಡಿಯಾಗಿ ಕೊಳ್ಳುವುದಕ್ಕಿಂತ ಅಧಿಕೃತ ವಿತರಕರಿಂದ ತರಿಸುವುದು ಲೇಸು, ಬೆಲೆಯ ವ್ಯತ್ಯಾಸ ನಿಮ್ಮ ಒಂದು ದಿನದ ಕೆಲಸ ನಿಂತ ನಷ್ಟಕ್ಕೆ ಸಮನಾಗದು. ಉಬ್ಬದೆ ಇರುವ ಅದೇ ಸರಣಿಯ ಕೆಪಾಸಿಟರ್‌ಗಳನ್ನೂ ಬದಲಿಸಿ, ಏಕೆಂದರೆ ಕೆಲವು ತಲೆ ಸಮತಟ್ಟಾಗಿದ್ದೇ ಕೆಳಗಿನ ರಬ್ಬರ್‌ನಿಂದ ಸೋರುತ್ತವೆ. ದ್ರವದ ಬದಲು ಘನ ವಾಹಕವಿರುವ ಪಾಲಿಮರ್ ಕೆಪಾಸಿಟರ್ ಬಳಸಲು ಹಲವರು ಸೂಚಿಸುತ್ತಾರೆ. ಅವು ಉತ್ತಮವೇ, ಆದರೆ ಮೂಲ ಮಂಡಲವನ್ನು ಎಲೆಕ್ಟ್ರೊಲೈಟಿಕ್‌ಗಾಗಿ ರೂಪಿಸಿರುವುದರಿಂದ ನಿಮ್ಮ ಬೋರ್ಡ್‌ಗೆ ನಾನು ಆ ಪ್ರಯೋಗವನ್ನು ಸೂಚಿಸುವುದಿಲ್ಲ.

ಬೆಸುಗೆಯ ವಿಷಯದಲ್ಲಿಯೇ ಹೆಚ್ಚಿನ ಬೋರ್ಡ್‌ಗಳು ಕೆಡುತ್ತವೆ. ಕೆಪಾಸಿಟರ್‌ನ ಋಣ ಕಾಲು ಬೋರ್ಡಿನೊಳಗಿನ ವಿಶಾಲ ತಾಮ್ರದ ಪದರಕ್ಕೆ ಸೇರಿದ್ದು, ಆ ಪದರವು 25 ವಾಟ್‌ನ ಐರನ್‌ನ ಶಾಖವನ್ನೆಲ್ಲ ಎಳೆದುಕೊಂಡುಬಿಡುತ್ತದೆ. ಸೀಸವಿರುವ ಹೊಸ ಬೆಸುಗೆಯನ್ನು ಸೇರಿಸಿ, ಅಗಲ ತುದಿಯ 60 ವಾಟ್‌ ಅಥವಾ ಹೆಚ್ಚಿನ ಶಾಖನಿಯಂತ್ರಿತ ಐರನ್‌ನಿಂದ ಒಂದೊಂದೇ ಕಾಲನ್ನು ಕಾಯಿಸುತ್ತ ನಿಧಾನವಾಗಿ ಅಲುಗಿಸಿ ತೆಗೆಯಬೇಕು. ಬಲವಂತವಾಗಿ ಎಳೆದರೆ ಅಥವಾ ರಂಧ್ರವನ್ನು ಡ್ರಿಲ್ ಮಾಡಿದರೆ ಅದರ ಒಳಗೋಡೆಯ ಲೋಹಲೇಪ ಕಿತ್ತು ಪದರಗಳ ಸಂಪರ್ಕವೇ ತಪ್ಪುತ್ತದೆ. ಕೆಪಾಸಿಟರ್‌ನ ಪಟ್ಟಿಯಿರುವ ಕಡೆ ಋಣ. ಬೋರ್ಡ್ ಮೇಲಿನ ಗುರುತು ಮಾತ್ರ ತಯಾರಕರಿಂದ ತಯಾರಕರಿಗೆ ಬೇರೆಯಾಗುವುದರಿಂದ, ತೆಗೆಯುವ ಮೊದಲೇ ಚಿತ್ರ ತೆಗೆದಿಡಿ.

ಇಷ್ಟೆಲ್ಲ ಮಾಡುವ ಮುನ್ನ ಹಾರ್ಡ್ ಡಿಸ್ಕ್‌ನ ಪೂರ್ಣ ಪ್ರತಿಯನ್ನು ತೆಗೆದಿಟ್ಟು, ಸರಿಯಾಗಿರುವ ಬೇರೊಂದು ಎಸ್‌ಎಂಪಿಎಸ್ (ಕಂಪ್ಯೂಟರಿಗೆ ವಿದ್ಯುತ್ ಒದಗಿಸುವ ಪೆಟ್ಟಿಗೆ) ಜೋಡಿಸಿ ನೋಡಿ. ಬೆಳಗಿನ ತೊಂದರೆ ಪೂರ್ಣ ಮಾಯವಾದರೆ ಹಳೆಯ ಎಸ್‌ಎಂಪಿಎಸ್‌ನಲ್ಲೂ ದೋಷವಿದೆ ಎಂದರ್ಥ. ಅದನ್ನು ಬಿಚ್ಚದೆ ಇಡಿಯಾಗಿ ಬದಲಿಸಿ, ಏಕೆಂದರೆ ಪ್ಲಗ್ ಕಿತ್ತ ಮೇಲೂ ಅದರೊಳಗೆ 300 ವೋಲ್ಟ್‌ಗೂ ಮೀರಿದ ವಿದ್ಯುತ್ ಉಳಿದಿರಬಹುದು.