ಈಕ್ಯೂ ಮುಟ್ಟುವ ಮೊದಲು ಮೈಕ್ ಸರಿಸಿ

ಪ್ರಶ್ನೆ: ಮದುವೆ, ಸಭೆಗಳಿಗೆ ಮೈಕ್ ಸೆಟ್ ಹಾಕುತ್ತೇನೆ. ಶೀಟ್ ಹೊದಿಸಿದ ಹಾಲ್‌ಗಳಲ್ಲಿ ಭಾಷಣ ಗುಂಯ್ ಎನ್ನುತ್ತದೆ, ಟ್ರೆಬಲ್ ಏರಿಸಿದರೆ ಸ್ಪೀಕರ್ ಕೂಗುತ್ತದೆ. 31 ಬ್ಯಾಂಡಿನ ಗ್ರಾಫಿಕ್ ಈಕ್ಯೂವನ್ನು (ಈಕ್ವಲೈಜರ್: ಒಂದೊಂದು ಫ್ರೀಕ್ವೆನ್ಸಿಯ ಸದ್ದನ್ನು ಬೇರೆಬೇರೆಯಾಗಿ ಏರಿಸುವ, ಇಳಿಸುವ ಸಾಧನ) ‘ವಿ’ ಆಕಾರದಲ್ಲಿ, ಅಂದರೆ ಎರಡೂ ತುದಿ ಮೇಲೆ, ನಡು ಕೆಳಗೆ ಇಟ್ಟಿದ್ದೇನೆ. ಸರಿಯಾದ ಸೆಟ್ಟಿಂಗ್ ಯಾವುದು?
– ಓದುಗರು, ಗೋಣಿಕೊಪ್ಪಲು

ಉತ್ತರ: ಮೊದಲು ಆ ‘ವಿ’ ಅಳಿಸಿ, ಎಲ್ಲ ಸ್ಲೈಡರ್‌ಗಳನ್ನೂ ಸೊನ್ನೆಗೆ ತನ್ನಿ. ಕ, ಚ, ತ, ಪ ಬಿಡಿಬಿಡಿಯಾಗಿ ಕೇಳಿಸುವುದು ಹೆಚ್ಚಾಗಿ 1ರಿಂದ 4 ಕಿಲೋಹರ್ಟ್ಸ್ ಒಳಗೆ. ನಿಮ್ಮ ‘ವಿ’ಯ ತಗ್ಗು ಬಿದ್ದಿರುವುದೂ ಅಲ್ಲೇ. ಅಲ್ಲಿ ಕಳೆದದ್ದನ್ನು ಮಿಕ್ಸರಿನ ಚಾನೆಲ್‌ನಲ್ಲಿ ಟ್ರೆಬಲ್ ಏರಿಸಿ ತುಂಬಿಸಲಾಗದು.

ಆಮೇಲೆ ಮೈಕ್. ಭಾಷಣಕಾರರ ಬಾಯಿಯಿಂದ 30 ಸೆಂ.ಮೀ. ದೂರ ಇರುವ ಮೈಕನ್ನು 15ಕ್ಕೆ ತಂದರೆ ಮಾತು 6 ಡೆಸಿಬಲ್ ಏರುತ್ತದೆ, ಹಾಲಿನಿಂದ ಮರಳಿ ಬರುವ ಸದ್ದು ಇದ್ದಷ್ಟೇ ಇರುತ್ತದೆ. ಇಂಥ ಲಾಭವನ್ನು ಯಾವ ಈಕ್ಯೂ ಕೊಡುವುದಿಲ್ಲ. ಸ್ಪೀಕರ್‌ಗಳು ಮೈಕಿಗಿಂತ ಮುಂದಿರಲಿ. ಅವುಗಳ ಮುಖ ಶೀಟಿನತ್ತ ಎತ್ತದೆ, ಕುಳಿತವರತ್ತ ಬಾಗಿಸಿ.

ಇಷ್ಟಾದ ಮೇಲೆ 100 ಹರ್ಟ್ಸ್‌ನ ಲೋ ಕಟ್ (ಅದಕ್ಕಿಂತ ಕೆಳಗಿನ ಫ್ರೀಕ್ವೆನ್ಸಿಗಳನ್ನು ತಡೆಯುವ ಬಟನ್) ಒತ್ತಿ. ಗುಂಯ್ ಇನ್ನೂ ಉಳಿದಿದ್ದರೆ ಅದು ಬಹುಮಟ್ಟಿಗೆ 200ರಿಂದ 400 ಹರ್ಟ್ಸ್ ನಡುವೆ ಇರುತ್ತದೆ. ಜನ ಬರುವ ಮೊದಲೇ ಹುಡುಕಿ: ಮಾಸ್ಟರ್ ತುಸು ಇಳಿಸಿ, ಒಬ್ಬರಿಂದ ಮಾತಾಡಿಸುತ್ತ, ಚಾನೆಲಿನ ಲೋ ಮಿಡ್ (ನಡುವಿಗಿಂತ ಕೆಳಗಿನ ಫ್ರೀಕ್ವೆನ್ಸಿಗಳ) ನಾಬನ್ನು 6 ಡೆಸಿಬಲ್ ಏರಿಸಿ, ಅದರ ಫ್ರೀಕ್ವೆನ್ಸಿ ನಾಬನ್ನು ನಿಧಾನವಾಗಿ ತಿರುಗಿಸಿ. ದನಿ ಅತಿ ಕೆಟ್ಟದಾಗಿ ಕೇಳುವ ಕಡೆ ನಿಲ್ಲಿಸಿ, ಸೊನ್ನೆಯಿಂದ ಕೆಳಗೆ 3 ಡೆಸಿಬಲ್ ತಗ್ಗಿಸಿ. ಈಕ್ಯೂ ಬಟನ್ ಹಾಕಿ, ತೆಗೆದು ಹೋಲಿಸಿ ನೋಡಿ. ವ್ಯತ್ಯಾಸ ಗೊತ್ತಾಗದಿದ್ದರೆ ಆ ನಾಬ್ ಸೊನ್ನೆಯಲ್ಲೇ ಇರಲಿ.

ಗ್ರಾಫಿಕ್ ಈಕ್ಯೂವನ್ನು ಕೂಗು ತಡೆಯಲು ಮಾತ್ರ ಇಟ್ಟುಕೊಳ್ಳಿ. ಎರಡು ಮೂರು ಸ್ಲೈಡರ್, ತಲಾ 3–4 ಡೆಸಿಬಲ್ ಇಳಿಸಿದರೆ ಸಾಕು. ಅದಕ್ಕಿಂತ ಹೆಚ್ಚು ಬೇಕೆನಿಸಿದರೆ ಮೈಕ್ ಅಥವಾ ಸ್ಪೀಕರಿನ ಜಾಗವೇ ತಪ್ಪಿದೆ ಎಂದು ತಿಳಿಯಿರಿ. ಏರಿಸುವ ಅಭ್ಯಾಸ ಬಿಡಿ ಎನ್ನುವುದಕ್ಕೆ ಕಾರಣವಿದೆ: 3 ಡೆಸಿಬಲ್ ಏರಿಸಿದರೆ ಆ ಫ್ರೀಕ್ವೆನ್ಸಿಗೆ ಆಂಪ್ಲಿಫೈಯರ್ ಎರಡು ಪಟ್ಟು ಪವರ್ ಕೊಡಬೇಕು, 6ಕ್ಕೆ ನಾಲ್ಕು ಪಟ್ಟು. ಕೂಗೂ ಅಷ್ಟೇ ಬೇಗ ಶುರುವಾಗುತ್ತದೆ.

ಜುಲೈ ಮಳೆ ಶೀಟಿನ ಮೇಲೆ ಸುರಿಯುತ್ತಿದ್ದರೆ ಮಾತ್ರ ಈಕ್ಯೂ ಯೋಚನೆಯನ್ನೇ ಬಿಡಿ. ಆ ಸದ್ದು ಎಲ್ಲ ಫ್ರೀಕ್ವೆನ್ಸಿಗಳಲ್ಲೂ ಹರಡಿರುತ್ತದೆ. ಹಾಲಿನ ಮಧ್ಯೆ ಇನ್ನೊಂದು ಜೋಡಿ ಸ್ಪೀಕರ್ ನಿಲ್ಲಿಸಿ ಹಿಂದಿನವರಿಗೆ ದನಿ ಹತ್ತಿರ ಮಾಡಿ. ಒಂದು ಮೀಟರ್ ದಾಟಲು ಶಬ್ದಕ್ಕೆ ಸುಮಾರು 2.9 ಮಿಲಿಸೆಕೆಂಡ್ ಬೇಕು. ಆ ಜೋಡಿ ಮುಂದಿನ ಸ್ಪೀಕರುಗಳಿಗಿಂತ 15 ಮೀಟರ್ ಹಿಂದಿದ್ದರೆ, ಎರಡರ ದನಿಯೂ ಒಟ್ಟಿಗೆ ಕೇಳುವಂತೆ ಅದರ ಡಿಲೇ (ದನಿಯನ್ನು ತಡೆದು ಬಿಡುವ ಸೆಟ್ಟಿಂಗ್) 44 ಮಿಲಿಸೆಕೆಂಡಿಗೆ ಇಡಿ.

ಪ್ರಶ್ನೆ: ನಾಲ್ವರು ದುಡಿ (ಕೈಯಲ್ಲಿ ಹಿಡಿದು ಬಡಿಯುವ ಪುಟ್ಟ ಚರ್ಮವಾದ್ಯ) ಬಡಿಯುತ್ತ ಕೊಡವ ಪಾಟ್ (ಕೊಡವರ ಸಾಂಪ್ರದಾಯಿಕ ಹಾಡು) ಹಾಡುವಾಗ ದುಡಿಯ ಸದ್ದೇ ಮೈಕಿಗೆ ನುಗ್ಗಿ ಹಾಡಿನ ಮಾತು ಮುಚ್ಚಿಹೋಗುತ್ತದೆ. ಮಿಡ್ ಕಡಿಮೆ ಮಾಡಿದರೆ ಸ್ವರವೂ ಮಂಕು.
– ಓದುಗರು, ವಿರಾಜಪೇಟೆ

ಉತ್ತರ: ದುಡಿ ಮತ್ತು ಸ್ವರ ಒಂದೇ ಮೈಕಿನಲ್ಲಿ ಬೆರೆತ ಮೇಲೆ ಈಕ್ಯೂ ಅವನ್ನು ಬೇರ್ಪಡಿಸದು. ಕಾರ್ಡಿಯಾಯ್ಡ್ (ಮುಂದಿನ ಸದ್ದನ್ನೇ ಹೆಚ್ಚು ಹಿಡಿಯುವ) ಮೈಕಿಗೆ ಹಿಂಬದಿಯ ಸದ್ದು ಅತಿ ಕಡಿಮೆ ಕೇಳುತ್ತದೆ. ದುಡಿ ಇರುವುದು ಬಾಯಿಯ ಕೆಳಗೆ. ಆದ್ದರಿಂದ ಮೈಕನ್ನು ಗಲ್ಲದ ಮಟ್ಟದಲ್ಲಿಟ್ಟು ತುದಿಯನ್ನು ಬಾಯಿಯತ್ತ ಮೇಲಕ್ಕೆ ಎತ್ತಿ, ಕೇಬಲ್ ಇರುವ ತುದಿ ದುಡಿಯತ್ತ ಬರಲಿ.

ಇಬ್ಬರಿಗೆ ಒಂದರಂತೆ ಎರಡು ಮೈಕ್ ಇಡುವ ಬದಲು ನಾಲ್ಕು ಇಡಿ. ತೆರೆದ ಮೈಕ್ ಎರಡರಿಂದ ನಾಲ್ಕಾದರೆ ಕೂಗು ಬರುವ ಮುನ್ನ ಸಿಗುವ ಜೋರು 3 ಡೆಸಿಬಲ್ ಕಮ್ಮಿಯಾಗುವುದು ನಿಜ, ಆದರೆ ಮೈಕ್ 30 ಸೆಂ.ಮೀ.ನಿಂದ 8ಕ್ಕೆ ಬಂದರೆ ಸುಮಾರು 11 ಡೆಸಿಬಲ್ ದಕ್ಕುತ್ತದೆ. ಲೋ ಕಟ್ 120 ಹರ್ಟ್ಸಿಗೆ ಇಡಿ. ದುಡಿಗೆ ಬೇರೆ ಮೈಕ್ ಬೇಡ.

ಪ್ರಶ್ನೆ: ಹಿಂದಿನ ದಿನ ಚೆನ್ನಾಗಿದ್ದ ಸೆಟ್ಟಿಂಗ್ ಮರುದಿನ ಅದೇ ಹಾಲ್‌ನಲ್ಲಿ ಮಂಕಾಗಿ ಕೇಳುವುದೇಕೆ?
– ಓದುಗರು, ಸೋಮವಾರಪೇಟೆ

ಉತ್ತರ: ಹಾಲ್ ತುಂಬಿದಾಗ ಮೈ, ಬಟ್ಟೆ ಸೇರಿ ಮೇಲಿನ ಫ್ರೀಕ್ವೆನ್ಸಿಗಳನ್ನು ಹೀರುತ್ತವೆ. ಟ್ರೆಬಲ್ 2 ಡೆಸಿಬಲ್ ಏರಿಸಿದರೆ ತಪ್ಪಿಲ್ಲ. ಒಂದೇ ಮೈಕ್ ಮಂಕಾಗಿದ್ದರೆ ಜಾಲರಿ ಬಿಚ್ಚಿ ಒಳಗಿನ ಸ್ಪಂಜು ನೋಡಿ. ಮಳೆಗಾಲದಲ್ಲಿ ಅದು ತೇವ, ಎಂಜಲು ಹಿಡಿದು ಗಟ್ಟಿಯಾಗಿರುತ್ತದೆ. ತೆಳು ಸೋಪಿನ ನೀರಿನಲ್ಲಿ ತೊಳೆದು, ಪೂರ್ತಿ ಒಣಗಿದ ಮೇಲೆಯೇ ಮತ್ತೆ ಹಾಕಿ.